ನೀರುದೋಸೆಗೆ ಎಷ್ಟು, ಕುಚ್ಚಲಕ್ಕಿ ಅನ್ನಕ್ಕೆ ಎಷ್ಟು: ಮಧುಮೇಹಿಗಳಿಗೆ ಕಾರ್ಬೋಹೈಡ್ರೇಟ್ ಲೆಕ್ಕದ ಮಾರ್ಗದರ್ಶಿ

ಮಂಗಳೂರು, ಉಡುಪಿ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ. ಕಾರ್ಬ್ ಲೆಕ್ಕ ಇಟ್ಟುಕೊಳ್ಳಿ ಎಂದು ವೈದ್ಯರು ಹೇಳಿ ಕಳುಹಿಸಿದ್ದಾರೆ, ಕೈಗೆ ಸಿಕ್ಕಿದ ಪಟ್ಟಿಯಲ್ಲಿ ಬ್ರೆಡ್, ಓಟ್ಸ್, ಚಪಾತಿಗಳ ಅಂಕಿಗಳಿವೆ, ಆದರೆ ನಾವು ದಿನವೂ ತಿನ್ನುವ ನೀರುದೋಸೆ, ಪುಂಡಿ, ಕೋರಿ ರೊಟ್ಟಿ, ಗಂಜಿಗಳ ಲೆಕ್ಕ ಎಲ್ಲಿ ಸಿಗುತ್ತದೆ ಎಂಬುದೇ ಆ ಪ್ರಶ್ನೆ. ನನ್ನ ಉತ್ತರ ಇಷ್ಟು: ಆ ಲೆಕ್ಕ ನಿಮ್ಮ ಅಡುಗೆಮನೆಯಲ್ಲೇ ಸಿಗುತ್ತದೆ, ಬೇರೆಲ್ಲಿ ಸಿಕ್ಕಿದರೂ ಅದು ನಿಮ್ಮ ಮನೆಯ ದೋಸೆಯ ಲೆಕ್ಕವಾಗಿರುವುದಿಲ್ಲ. ತಟ್ಟೆಗೆ ಬಂದದ್ದನ್ನು ನೋಡಿ ಊಹಿಸುವುದಕ್ಕಿಂತ ಪಾತ್ರೆಗೆ ಹಾಕಿದ್ದನ್ನು ತೂಗಿ ಭಾಗಿಸುವುದು ಸುಲಭವೂ ಹೌದು, ಹೆಚ್ಚು ನಿಖರವೂ ಹೌದು. ಅದನ್ನು ಮಾಡುವ ಕ್ರಮವನ್ನು ಇಲ್ಲಿ ಹಂತಹಂತವಾಗಿ ವಿವರಿಸಿದ್ದೇನೆ.

ಆರಂಭಿಸುವ ಮೊದಲು ಒಂದು ಮಾತು. ನಾನು ವೈದ್ಯನಲ್ಲ, ಹಲವು ವರ್ಷಗಳಿಂದ ಇನ್ಸುಲಿನ್ ತೆಗೆದುಕೊಳ್ಳುತ್ತ ಈ ಲೆಕ್ಕವನ್ನು ದಿನಕ್ಕೆ ಮೂರು ಬಾರಿ ಮಾಡುವವನು. ಆಹಾರವನ್ನು ಎಣಿಸುವುದನ್ನು ಈ ಲೇಖನ ಕಲಿಸಬಲ್ಲದು, ಆದರೆ ಔಷಧದ ಪ್ರಮಾಣವನ್ನು ನಿರ್ಧರಿಸಲಾರದು. ಗರ್ಭಿಣಿಯರು, ಮಕ್ಕಳು, ಮೂತ್ರಪಿಂಡದ ತೊಂದರೆ ಇರುವವರು ತಮ್ಮ ವೈದ್ಯರು ಮತ್ತು ಆಹಾರ ತಜ್ಞರನ್ನು ಕೇಳದೆ ಊಟದ ಪ್ರಮಾಣವನ್ನು ಬದಲಾಯಿಸಬಾರದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮುಂತಾದ, ಮೂತ್ರದ ಮೂಲಕ ಸಕ್ಕರೆಯನ್ನು ಹೊರಹಾಕುವ ಮಾತ್ರೆಗಳನ್ನು ತೆಗೆದುಕೊಳ್ಳುವವರು ಒಮ್ಮೆಗೇ ಅನ್ನವನ್ನು ಪೂರ್ತಿ ಬಿಟ್ಟುಬಿಡುವುದು ಅಪಾಯಕರ. ರಕ್ತದಲ್ಲಿ ಆಮ್ಲ ಸೇರುವ ಕೀಟೋಆಸಿಡೋಸಿಸ್ ಎಂಬ ಸ್ಥಿತಿ ಅವರಲ್ಲಿ ಸಕ್ಕರೆಯ ಅಂಕಿ ಅಷ್ಟೇನೂ ಏರದೆಯೂ ಬರಬಹುದು.

1. ಯಾವುದನ್ನು ಎಣಿಸಬೇಕು ಎಂಬುದನ್ನು ತಿಳಿದುಕೊಳ್ಳಿ

ಕಾರ್ಬೋಹೈಡ್ರೇಟ್ ಎಂದರೆ ಶರ್ಕರಪಿಷ್ಟ. ಅಕ್ಕಿಯ ಪಿಷ್ಟ, ಹಣ್ಣಿನ ಸಿಹಿ, ಹಾಲಿನ ಸಕ್ಕರೆ, ಬೆಲ್ಲ, ಇವೆಲ್ಲವೂ ಅದರ ರೂಪಗಳೇ. ನಾರು ಸಹ ಇದೇ ಗುಂಪಿಗೆ ಸೇರಿದ್ದಾದರೂ ನಮ್ಮ ದೇಹ ಅದನ್ನು ಸಕ್ಕರೆಯಾಗಿ ಒಡೆಯುವುದಿಲ್ಲವಾದ್ದರಿಂದ ಅದನ್ನು ಎಣಿಸಬೇಕಿಲ್ಲ. ಊಟದ ನಂತರ ರಕ್ತದ ಸಕ್ಕರೆ ಎಷ್ಟು ಏರುತ್ತದೆ ಎಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ಈ ಕಾರ್ಬೋಹೈಡ್ರೇಟಿನ ಗ್ರಾಂಗಳು.

ಬೂತಾಯಿ, ಬಂಗುಡೆ, ಅಂಜಲ್, ಕೋಳಿ, ಮೊಟ್ಟೆಗಳಲ್ಲಿ ಎಣಿಸುವಂಥದ್ದು ಏನೂ ಇಲ್ಲ. ಬಸಳೆ, ಹರಿವೆ, ತೊಂಡೆಕಾಯಿ, ಅಲಸಂಡೆ, ಸೌತೆಗಳಲ್ಲಿ ಇರುವುದು ಅತ್ಯಲ್ಪ, ಸಾಮಾನ್ಯ ಪ್ರಮಾಣದಲ್ಲಿ ತಿಂದರೆ ಬಿಟ್ಟುಬಿಡಬಹುದು. ತೆಂಗಿನ ತುರಿಯಲ್ಲಿ ಕೊಬ್ಬು ಹೆಚ್ಚು, ಕಾರ್ಬೋಹೈಡ್ರೇಟ್ ಕಡಿಮೆ. ಚಟ್ನಿಗೆ ಹಾಕಿದ ಕಾಯಿಯನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ.

ತರಕಾರಿ ಎಂದು ತಿಳಿದು ಹೆಚ್ಚಿನವರು ತಪ್ಪುವುದು ಗೆಡ್ಡೆಗಳಲ್ಲಿ ಮತ್ತು ಜೀಗುಜ್ಜೆಯಲ್ಲಿ. ನೂರು ಗ್ರಾಂ ಜೀಗುಜ್ಜೆಯಲ್ಲಿ ನಾರನ್ನು ಕಳೆದ ಮೇಲೂ ಸುಮಾರು 22 ಗ್ರಾಂ ಕಾರ್ಬೋಹೈಡ್ರೇಟ್ ಉಳಿಯುತ್ತದೆ. ಅದು ಬೆಂದ ಅನ್ನಕ್ಕೆ ಹತ್ತಿರದ ಅಂಕಿ. ಹಾಗಾಗಿ ಜೀಗುಜ್ಜೆ ಪೋಡಿ, ಮರಗೆಣಸಿನ ಪಲ್ಯ, ಹಲಸಿನ ಬೀಜ ಹಾಕಿದ ಸಾಂಬಾರುಗಳನ್ನು ಅನ್ನದ ಜತೆಗಿನ ಪದಾರ್ಥವೆಂದು ನೋಡದೆ ಅನ್ನದ ಇನ್ನೊಂದು ಪಾಲು ಎಂದು ನೋಡಬೇಕು.

2. ಬೇಕಾದ ಸಾಮಗ್ರಿಯನ್ನು ಜೋಡಿಸಿಕೊಳ್ಳಿ

ಒಂದು ಗ್ರಾಂವರೆಗೆ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ, ಒಂದು ನೋಟ್ ಪುಸ್ತಕ, ಗ್ಲೂಕೋಮೀಟರ್ ಮತ್ತು ಸಾಕಷ್ಟು ಸ್ಟ್ರಿಪ್‌ಗಳು ಬೇಕು. ಕುಡ್ತೆ, ಪಾವು, ಲೋಟಗಳ ಅಳತೆಯನ್ನು ನೆಚ್ಚಿಕೊಳ್ಳಬೇಡಿ, ಮನೆಯಿಂದ ಮನೆಗೆ ಅವು ಬೇರೆಬೇರೆ. ನಿಮ್ಮ ಮನೆಯ ಕುಡ್ತೆಯಲ್ಲಿ ಎಷ್ಟು ಗ್ರಾಂ ಅಕ್ಕಿ ಹಿಡಿಯುತ್ತದೆ ಎಂಬುದನ್ನು ಒಮ್ಮೆ ತೂಗಿ ಬರೆದಿಟ್ಟುಕೊಂಡರೆ ಮುಂದೆ ಅದೇ ಕುಡ್ತೆಯನ್ನು ಧೈರ್ಯವಾಗಿ ಬಳಸಬಹುದು.

ನೋಟ್ ಪುಸ್ತಕದ ಮೊದಲ ಪುಟದಲ್ಲಿ ಕೆಲವು ಮೂಲ ಅಂಕಿಗಳನ್ನು ಬರೆದುಕೊಳ್ಳಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಭಾರತೀಯ ಆಹಾರಗಳ ಕೋಷ್ಟಕವೇ ಇದಕ್ಕೆ ನಮ್ಮಲ್ಲಿ ಸಿಗುವ ಉತ್ತಮ ಆಧಾರ. ಪ್ರತಿ 100 ಗ್ರಾಂ ಹಸಿ ಸಾಮಗ್ರಿಗೆ ಕಾರ್ಬೋಹೈಡ್ರೇಟ್ ಸುಮಾರಾಗಿ ಹೀಗಿದೆ: ಬೆಳ್ತಿಗೆ ಅಕ್ಕಿ 78 ಗ್ರಾಂ, ಕುಚ್ಚಲಕ್ಕಿ 77, ಮೈದಾ 74, ರಾಗಿ 67, ಗೋಧಿ ಹಿಟ್ಟು 64, ಉದ್ದಿನ ಬೇಳೆ 51. ಸಕ್ಕರೆಯನ್ನು ಪೂರ್ತಿ ಕಾರ್ಬೋಹೈಡ್ರೇಟ್ ಎಂದೇ ಹಿಡಿಯಬೇಕು, ಬೆಲ್ಲವೂ ಅದಕ್ಕೆ ತೀರ ಹತ್ತಿರ. ಹಾಲಿನಲ್ಲಿ 100 ಮಿಲಿಲೀಟರಿಗೆ ಸುಮಾರು 5 ಗ್ರಾಂ ಇರುತ್ತದೆ.

ಈ ಸಾಲುಗಳನ್ನು ಗಮನವಿಟ್ಟು ನೋಡಿದರೆ ನಮ್ಮ ಊರಿನ ಎರಡು ನಂಬಿಕೆಗಳು ಅಲುಗಾಡುತ್ತವೆ. ಕುಚ್ಚಲಕ್ಕಿಗೂ ಬೆಳ್ತಿಗೆಗೂ ಗ್ರಾಂ ಲೆಕ್ಕದಲ್ಲಿ ವ್ಯತ್ಯಾಸ ಇಲ್ಲವೆಂದೇ ಹೇಳಬೇಕು. ಕುಚ್ಚಲಕ್ಕಿ, ಅದರಲ್ಲೂ ತವುಡು ಉಳಿದಿರುವ ಕೆಂಪು ಕುಚ್ಚಲಕ್ಕಿ, ಸಕ್ಕರೆಯನ್ನು ತುಸು ನಿಧಾನವಾಗಿ ಏರಿಸಬಹುದು, ಆದರೆ ಎರಡು ಪಾಲು ಉಂಡರೆ ಎರಡು ಪಾಲಿನಷ್ಟೇ ಏರಿಸುತ್ತದೆ. ಚಪಾತಿಯ ಕಥೆಯೂ ಅಷ್ಟೆ. 30 ಗ್ರಾಂ ಹಿಟ್ಟಿನ ಒಂದು ಚಪಾತಿಯಲ್ಲಿ 19 ಗ್ರಾಂ ಇರುವುದರಿಂದ, ರಾತ್ರಿ ಅನ್ನ ಬಿಟ್ಟು ಮೂರು ಚಪಾತಿ ತಿಂದವರು ಸುಮಾರು 200 ಗ್ರಾಂ ಅನ್ನ ಉಂಡಷ್ಟೇ ಕಾರ್ಬೋಹೈಡ್ರೇಟ್ ತಿಂದಿರುತ್ತಾರೆ.

3. ಅನ್ನದ ಪಾತ್ರೆಯನ್ನು ಒಮ್ಮೆ ತೂಗಿ

ಕರಾವಳಿಯವರ ಲೆಕ್ಕದ ಬಹುಪಾಲು ಅನ್ನದಲ್ಲೇ ಇರುವುದರಿಂದ ಇದನ್ನು ಆತುರಪಡದೆ ಮಾಡಿ. ಮೊದಲು ಖಾಲಿ ಪಾತ್ರೆಯ ತೂಕವನ್ನು ಬರೆದುಕೊಳ್ಳಿ. 300 ಗ್ರಾಂ ಕುಚ್ಚಲಕ್ಕಿಯನ್ನು ತೂಗಿ, ಎಂದಿನಂತೆ ಬೇಯಿಸಿ, ತಿಳಿ ಬಸಿಯಿರಿ. ಪೂರ್ತಿ ಬಸಿದ ಮೇಲೆ ಪಾತ್ರೆಯನ್ನು ಅನ್ನದ ಸಮೇತ ತೂಗಿ, ಖಾಲಿ ಪಾತ್ರೆಯ ತೂಕವನ್ನು ಕಳೆಯಿರಿ. ಅನ್ನ 840 ಗ್ರಾಂ ಬಂತೆಂದು ಇಟ್ಟುಕೊಳ್ಳೋಣ. 300 ಗ್ರಾಂ ಅಕ್ಕಿಯಲ್ಲಿ 231 ಗ್ರಾಂ ಕಾರ್ಬೋಹೈಡ್ರೇಟ್ ಇತ್ತು. 231ನ್ನು 840ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 27.5 ಬರುತ್ತದೆ. ಅಂದರೆ ನಿಮ್ಮ ಮನೆಯ 100 ಗ್ರಾಂ ಅನ್ನಕ್ಕೆ ಸುಮಾರು 28 ಗ್ರಾಂ. ತಿಳಿಯೊಂದಿಗೆ ಸ್ವಲ್ಪ ಪಿಷ್ಟ ಹೊರಹೋಗಿರುತ್ತದೆ, ಆ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಮೂರು ಬೇರೆಬೇರೆ ದಿನ ಹೀಗೆ ತೂಗಿ ಸರಾಸರಿ ತೆಗೆದುಕೊಳ್ಳಿ. ಬಳಿಕ ನೀವು ದಿನವೂ ಬಡಿಸಲು ಬಳಸುವ ಸಟ್ಟುಗದಲ್ಲಿ ಒಂದು ಸಲಕ್ಕೆ ಎಷ್ಟು ಗ್ರಾಂ ಅನ್ನ ಬರುತ್ತದೆ ಎಂಬುದನ್ನೂ ನೋಡಿಡಿ. ಒಂದೆರಡು ವಾರ ತಟ್ಟೆಯನ್ನು ತಕ್ಕಡಿಯ ಮೇಲಿಟ್ಟು ಬಡಿಸಿಕೊಂಡರೆ ಕಣ್ಣಿಗೆ ಅಂದಾಜು ಸಿಗುತ್ತದೆ. ಆಮೇಲೂ ತಿಂಗಳಿಗೊಮ್ಮೆ ಮತ್ತೆ ತೂಗಿ ನೋಡುವುದು ಅಗತ್ಯ, ಏಕೆಂದರೆ ಕಣ್ಣಿನ ಅಂದಾಜು ನಮಗೆ ಗೊತ್ತಾಗದಂತೆ ದೊಡ್ಡದಾಗುತ್ತ ಹೋಗುತ್ತದೆ.

ಗಂಜಿಯ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ನೀರು ಹೆಚ್ಚಿದೆ, ಆದ್ದರಿಂದ ಹಗುರ ಎಂಬ ಭಾವನೆಯಿಂದ ಎರಡು ಬಟ್ಟಲು ಗಂಜಿ ಉಣ್ಣುವವರಿದ್ದಾರೆ. ನೀರು ಅಕ್ಕಿಯ ಕಾರ್ಬೋಹೈಡ್ರೇಟನ್ನು ಕಡಿಮೆ ಮಾಡುವುದಿಲ್ಲ. ನಿಮ್ಮ ಪಾಲಿಗೆ 60 ಗ್ರಾಂ ಅಕ್ಕಿ ಹಾಕಿದ್ದರೆ ಎಷ್ಟು ನೀರು ಬೆರೆಸಿದರೂ 46 ಗ್ರಾಂ ಅಲ್ಲೇ ಇರುತ್ತದೆ. ಗಂಜಿಯನ್ನು ತೂಗುವುದಕ್ಕಿಂತ, ಹಾಕುವ ಅಕ್ಕಿಯನ್ನೇ ಪ್ರತ್ಯೇಕವಾಗಿ ಅಳೆದು ಬೇಯಿಸುವುದು ಸರಿಯಾದ ಕ್ರಮ.

4. ತಿಂಡಿಗಳನ್ನು ಸಾಮಗ್ರಿಯಿಂದ ಎಣಿಸಿ, ಸಂಖ್ಯೆಯಿಂದ ಭಾಗಿಸಿ

ನೀರುದೋಸೆಗೆ 250 ಗ್ರಾಂ ಬೆಳ್ತಿಗೆ ಅಕ್ಕಿ ನೆನೆಹಾಕಿದರೆ ಅದರಲ್ಲಿ 195 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ಆ ಹಿಟ್ಟಿನಲ್ಲಿ 15 ದೋಸೆಗಳಾದರೆ ಒಂದಕ್ಕೆ 13 ಗ್ರಾಂ. ಇಡ್ಲಿಗೆ 200 ಗ್ರಾಂ ಅಕ್ಕಿ ತರಿ ಮತ್ತು 100 ಗ್ರಾಂ ಉದ್ದು ಹಾಕಿದರೆ 156 ಮತ್ತು 51 ಸೇರಿ 207 ಗ್ರಾಂ. 20 ಇಡ್ಲಿಗಳಾದರೆ ಒಂದಕ್ಕೆ ಹತ್ತು ಗ್ರಾಂಗಿಂತ ತುಸು ಹೆಚ್ಚು. ಅದೇ ಹಿಟ್ಟನ್ನು ಅಷ್ಟಮಿಯ ದಿನ ಮೂಡೆಗೆ ಹೊಯ್ದಾಗ ಮಾತ್ರ ಎಚ್ಚರ ಬೇಕು. ಇಡ್ಲಿ 45 ಗ್ರಾಂ ತೂಗಿ ಮೂಡೆ 130 ಗ್ರಾಂ ತೂಗಿದರೆ, ಎಲೆ ಬಿಚ್ಚಿದ ಒಂದು ಮೂಡೆ ಮೂರು ಇಡ್ಲಿಗೆ ಸಮ. ‘ಒಂದೇ ಮೂಡೆ ತಿಂದೆ’ ಎಂದು ಪುಸ್ತಕದಲ್ಲಿ ಬರೆದರೆ ಲೆಕ್ಕ ದಿಕ್ಕು ತಪ್ಪುತ್ತದೆ. ಪುಂಡಿ, ಕೊಟ್ಟೆ ಕಡುಬು, ಒತ್ತು ಶ್ಯಾವಿಗೆಗಳಿಗೂ ಇದೇ ವಿಧಾನ. ಪತ್ರೊಡೆಯಲ್ಲಿ ಎಲೆಯನ್ನು ಬಿಟ್ಟು ಅಕ್ಕಿ ಮತ್ತು ಬೆಲ್ಲವನ್ನು ಎಣಿಸಿದರೆ ಸಾಕು.

ಬನ್ಸ್ ಬಗ್ಗೆ ಕೇಳುವವರೇ ಹೆಚ್ಚಾದ್ದರಿಂದ ಅದನ್ನು ಪೂರ್ತಿ ಬಿಡಿಸಿ ತೋರಿಸುತ್ತೇನೆ. 250 ಗ್ರಾಂ ಮೈದಾದಲ್ಲಿ 185 ಗ್ರಾಂ, ಸಿಪ್ಪೆ ತೆಗೆದ 200 ಗ್ರಾಂ ಬಾಳೆಹಣ್ಣಿನಲ್ಲಿ ಸುಮಾರು 45, ಸಕ್ಕರೆ 50 ಗ್ರಾಂ, ಮೊಸರಿನಿಂದ ಎರಡು ಮೂರು ಗ್ರಾಂ, ಒಟ್ಟು 283. ಹನ್ನೆರಡು ಬನ್ಸ್ ಲಟ್ಟಿಸಿದರೆ ಒಂದಕ್ಕೆ ಸುಮಾರು 24 ಗ್ರಾಂ. ಎರಡು ಬನ್ಸ್ ಮತ್ತು ಸಕ್ಕರೆ ಹಾಕಿದ ಒಂದು ಕಾಫಿ ಕುಡಿದವರು ನಾಲ್ಕು ನೀರುದೋಸೆಯ ಲೆಕ್ಕವನ್ನು ಮುಗಿಸಿರುತ್ತಾರೆ. ಇಲ್ಲಿ ಇನ್ನೊಂದು ತೊಡಕಿದೆ. ಎಣ್ಣೆಯಲ್ಲಿ ಕರಿದ ತಿಂಡಿಗಳಲ್ಲಿ ಮತ್ತು ದಪ್ಪ ಕಾಯಿಹಾಲು ಹಾಕಿದ ಪದಾರ್ಥಗಳಲ್ಲಿ ಕೊಬ್ಬು ಜೀರ್ಣಕ್ರಿಯೆಯನ್ನು ನಿಧಾನಗೊಳಿಸುವುದರಿಂದ, ಸಕ್ಕರೆ ಎರಡು ಗಂಟೆಯ ಪರೀಕ್ಷೆಯಲ್ಲಿ ಕಾಣಿಸದೆ ಮೂರು ನಾಲ್ಕು ಗಂಟೆಗಳ ಮೇಲೆ ಏರಬಹುದು. ಬನ್ಸ್, ಗೋಳಿಬಜೆ ತಿಂದ ದಿನ ಇನ್ನೊಮ್ಮೆ ತಡವಾಗಿ ಪರೀಕ್ಷಿಸಿ ನೋಡಿ.

ಕೋರಿ ರೊಟ್ಟಿ ಕಣ್ಣಿಗೆ ಮೋಸ ಮಾಡುವ ತಿಂಡಿ. ಹಪ್ಪಳದಷ್ಟು ತೆಳ್ಳಗಿರುವ ಆ ರೊಟ್ಟಿಯಲ್ಲಿ ನೀರಿನ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಅನ್ನದ ನೂರು ಗ್ರಾಂನಲ್ಲಿ ಮುಕ್ಕಾಲು ಪಾಲಿಗೆ ಹತ್ತಿರ ನೀರೇ ಇದ್ದರೆ, ಒಣ ರೊಟ್ಟಿಯ ನೂರು ಗ್ರಾಂ ಬಹುತೇಕ ಅಕ್ಕಿ ಹಿಟ್ಟೇ. ಕೇವಲ 50 ಗ್ರಾಂ ರೊಟ್ಟಿ ಸುಮಾರು 40 ಗ್ರಾಂ ಕಾರ್ಬೋಹೈಡ್ರೇಟ್ ಕೊಡುತ್ತದೆ. ಸಾರು ಸುರಿಯುವ ಮೊದಲೇ ಒಣ ರೊಟ್ಟಿಯನ್ನು ತೂಗಿಕೊಳ್ಳಿ. ಕೋಳಿ ಸಾರನ್ನು ಎಣಿಸುವ ಅಗತ್ಯವಿಲ್ಲ.

ಹಣ್ಣುಗಳನ್ನು ಸಿಪ್ಪೆ, ಬೀಜ ತೆಗೆದೇ ತೂಗಬೇಕು. ಮಾವಿನ ತಿರುಳು 100 ಗ್ರಾಂಗೆ ಸುಮಾರು 15, ಹಲಸಿನ ತೊಳೆ ಸುಮಾರು 20ರಿಂದ 23, ಬಾಳೆಹಣ್ಣು ಸುಮಾರು 22 ಗ್ರಾಂ. ಒಂದು ಬೊಂಡದ ನೀರಿನಲ್ಲಿ ಗಾತ್ರಕ್ಕೆ ತಕ್ಕಂತೆ 10ರಿಂದ 15 ಗ್ರಾಂ ಇರಬಹುದು. ಮೂತ್ರಪಿಂಡದ ತೊಂದರೆ ಇರುವವರು ಬೊಂಡವನ್ನು ಪೊಟ್ಯಾಸಿಯಂ ಕಾರಣಕ್ಕೂ ವೈದ್ಯರನ್ನು ಕೇಳಿಯೇ ಕುಡಿಯಬೇಕು.

5. ಹೊರಗಿನ ಊಟಕ್ಕೆ ಅಂದಾಜನ್ನು ಮನೆಯಲ್ಲೇ ತಯಾರಿಸಿಕೊಳ್ಳಿ

ನೀವು ಹೆಚ್ಚಾಗಿ ಹೋಗುವ ಹೋಟೆಲಿನಿಂದ ನಿಮ್ಮ ಎಂದಿನ ತಿಂಡಿಯನ್ನು ಒಮ್ಮೆ ಪಾರ್ಸೆಲ್ ತಂದು ಮನೆಯಲ್ಲಿ ತೂಗಿ. ಅಲ್ಲಿನ ಇಡ್ಲಿ ನಿಮ್ಮ ಮನೆಯ ಇಡ್ಲಿಯ ಒಂದೂವರೆ ಪಟ್ಟು ತೂಗಿದರೆ ಕಾರ್ಬೋಹೈಡ್ರೇಟನ್ನೂ ಒಂದೂವರೆ ಪಟ್ಟು ಎಂದು ಹಿಡಿಯಿರಿ. ಉಡುಪಿ ಶೈಲಿಯ ಸಾಂಬಾರಿಗೆ ಬೆಲ್ಲ ಹಾಕುವ ಪದ್ಧತಿ ಇರುವುದರಿಂದ, ಬಟ್ಟಲುಗಟ್ಟಲೆ ಸಾಂಬಾರು ಕುಡಿಯುವ ಅಭ್ಯಾಸವಿದ್ದವರು ಅದನ್ನೂ ಗಮನದಲ್ಲಿಡಬೇಕು. ಪೊಟ್ಟಣದ ತಿನಿಸುಗಳಲ್ಲಿ ‘ಸಕ್ಕರೆ ರಹಿತ’ ಎಂಬ ದೊಡ್ಡ ಅಕ್ಷರಗಳನ್ನು ಬಿಟ್ಟು ಹಿಂಬದಿಯ ಪಟ್ಟಿಯಲ್ಲಿ ಒಟ್ಟು ಕಾರ್ಬೋಹೈಡ್ರೇಟ್ ಎಂಬ ಸಾಲನ್ನು ಓದಿ. ಸಕ್ಕರೆ ಹಾಕದ ಬಿಸ್ಕತ್ತಿನಲ್ಲೂ ಮೈದಾ ಇದ್ದೇ ಇರುತ್ತದೆ.

ಮದುವೆ, ಬ್ರಹ್ಮಕಲಶ, ದೇವಸ್ಥಾನದ ಅನ್ನಸಂತರ್ಪಣೆಗಳಲ್ಲಿ ಅನ್ನ ಎರಡು ಮೂರು ಬಾರಿ ಬರುತ್ತದೆ, ನಡುವೆ ಪಾಯಸ, ಹೋಳಿಗೆಗಳೂ ಬರುತ್ತವೆ. ಎಲೆಯ ಮುಂದೆ ಕೂರುವ ಮೊದಲೇ ಪಾಯಸ ಬೇಕೋ ಎರಡನೆಯ ಬಾರಿಯ ಅನ್ನ ಬೇಕೋ ಎಂದು ನಿರ್ಧರಿಸಿಕೊಳ್ಳಿ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಇಲ್ಲಿ ಇನ್ನೊಂದು ದೊಡ್ಡ ಅಪಾಯವಿದೆ. ಮೊದಲ ಪಂಕ್ತಿ ಸಿಗಬಹುದು ಎಂದು ಇನ್ಸುಲಿನ್ ಚುಚ್ಚಿಕೊಂಡು, ಎರಡನೆಯ ಅಥವಾ ಮೂರನೆಯ ಪಂಕ್ತಿಗೆ ಕಾಯುತ್ತ ನಿಲ್ಲಬೇಕಾಗಿ ಬಂದರೆ ಸಕ್ಕರೆ ಅಲ್ಲೇ ಕುಸಿಯುತ್ತದೆ. ನನಗೂ ಒಮ್ಮೆ ಹಾಗಾಗಿದೆ. ಎಲೆಗೆ ಅನ್ನ ಬೀಳುವುದು ಖಚಿತವಾಗುವವರೆಗೆ ಚುಚ್ಚಿಕೊಳ್ಳಬೇಡಿ, ಕಿಸೆಯಲ್ಲಿ ಗ್ಲೂಕೋಸ್ ಪುಡಿ ಇಲ್ಲದೆ ಸಮಾರಂಭಕ್ಕೆ ಹೋಗಬೇಡಿ.

ಏಕಾದಶಿ, ಅಷ್ಟಮಿ, ರಂಜಾನ್ ಉಪವಾಸಗಳನ್ನು ಆಚರಿಸುವವರು ಮುಂಚಿತವಾಗಿ ವೈದ್ಯರಲ್ಲಿ ಮಾತಾಡಿ ಔಷಧವನ್ನು ಹೊಂದಿಸಿಕೊಳ್ಳಬೇಕು. ಅನ್ನದ ಬದಲು ಫಲಾಹಾರವೆಂದು ಸಜ್ಜಿಗೆ, ಅವಲಕ್ಕಿ ತಿಂದರೆ ಅವುಗಳನ್ನೂ ಒಣ ತೂಕದಲ್ಲಿ ಎಣಿಸಲೇಬೇಕು.

6. ಒಂದು ಊಟಕ್ಕೆ ಎಷ್ಟು ಎಂಬುದನ್ನು ಹೊಂದಿಸಿಕೊಳ್ಳಿ

ಮೊದಲ ಮೂರು ದಿನ ಏನನ್ನೂ ಬದಲಾಯಿಸದೆ, ತಿಂದದ್ದನ್ನು ಗ್ರಾಂಗಳಲ್ಲಿ ಬರೆಯಿರಿ. ಊಟಕ್ಕೆ ಮೊದಲು ಮತ್ತು ಮೊದಲ ತುತ್ತಿನಿಂದ ಎರಡು ಗಂಟೆಯ ಬಳಿಕ ಸಕ್ಕರೆ ಪರೀಕ್ಷಿಸಿ. ಕೈ ತೊಳೆದು ಒರೆಸಿಕೊಂಡೇ ಪರೀಕ್ಷಿಸಿ, ಮಾವಿನ ಹಣ್ಣು ಹೆಚ್ಚಿದ ಬೆರಳು ಇಲ್ಲದ ಸಕ್ಕರೆಯನ್ನು ತೋರಿಸುತ್ತದೆ. ಗರ್ಭಿಣಿಯರಲ್ಲದ ಹೆಚ್ಚಿನ ವಯಸ್ಕರಿಗೆ ಊಟದ ಮೊದಲು 80ರಿಂದ 130, ಊಟದ ಬಳಿಕ 180ರ ಒಳಗೆ ಎಂಬುದು ಸಾಮಾನ್ಯ ಗುರಿ. ಈ ಅಂಕಿಗಳು ಒಂದು ಡೆಸಿಲೀಟರ್ ರಕ್ತದಲ್ಲಿರುವ ಸಕ್ಕರೆಯ ಮಿಲಿಗ್ರಾಂಗಳು. ವಯಸ್ಸಾದವರಿಗೆ, ಹೃದ್ರೋಗ ಇರುವವರಿಗೆ ವೈದ್ಯರು ಗುರಿಯನ್ನು ಸಡಿಲಿಸಬಹುದು.

ಮಾತ್ರೆಗಳಲ್ಲಿರುವವರಿಗೆ ಮತ್ತು ದಿನಕ್ಕೆ ಎರಡು ಬಾರಿ ಮಿಶ್ರ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಮುಖ್ಯವಾದದ್ದು ಸಮತೆ. ಮಿಶ್ರ ಇನ್ಸುಲಿನ್ ಎಂದರೆ ಬೇಗ ಕೆಲಸ ಮಾಡುವುದನ್ನೂ ನಿಧಾನವಾಗಿ ಕೆಲಸ ಮಾಡುವುದನ್ನೂ ಒಂದೇ ಬಾಟಲಿಯಲ್ಲಿ ಕೂಡಿಸಿದ್ದು. ಔಷಧದ ಪ್ರಮಾಣ ನಿಗದಿಯಾಗಿರುವುದರಿಂದ ಊಟದ ಕಾರ್ಬೋಹೈಡ್ರೇಟ್ ಸಹ ದಿನದಿಂದ ದಿನಕ್ಕೆ ಹೆಚ್ಚು ಕಡಿಮೆ ಒಂದೇ ಇರಬೇಕು, ಊಟದ ಹೊತ್ತೂ ಒಂದೇ ಇರಬೇಕು. ಆಹಾರ ತಜ್ಞರು ಮಧ್ಯಾಹ್ನಕ್ಕೆ 50 ಗ್ರಾಂ ಎಂದು ಹೇಳಿದ್ದರೆ, ಅದು ನಿಮ್ಮ ಮನೆಯ ಅನ್ನದಲ್ಲಿ ಸುಮಾರು 180 ಗ್ರಾಂ. ಒಂದು ದಿನ ಅನ್ನ ಬಿಟ್ಟು ಮರುದಿನ ಎರಡರಷ್ಟು ಉಣ್ಣುವ ಕ್ರಮ ಇಂಥವರಿಗೆ ಸಲ್ಲದು.

7. ಪ್ರತಿ ಊಟಕ್ಕೂ ಬೇರೆ ಇನ್ಸುಲಿನ್ ತೆಗೆದುಕೊಳ್ಳುವವರು

ಲಿಸ್ಪ್ರೋ, ಆಸ್ಪಾರ್ಟ್ ಮುಂತಾದ ಶೀಘ್ರ ಇನ್ಸುಲಿನನ್ನು ಊಟಕ್ಕೆ ತಕ್ಕಂತೆ ತೆಗೆದುಕೊಳ್ಳುವವರಿಗೆ ವೈದ್ಯರು ಎರಡು ಅಂಕಿಗಳನ್ನು ಕೊಟ್ಟಿರುತ್ತಾರೆ. ಒಂದು ಯೂನಿಟ್ ಇನ್ಸುಲಿನ್ ಎಷ್ಟು ಗ್ರಾಂ ಕಾರ್ಬೋಹೈಡ್ರೇಟಿಗೆ ಸಾಕು ಎಂಬುದು ಮೊದಲನೆಯದು, ಅದೇ ಇನ್ಸುಲಿನ್–ಕಾರ್ಬ್ ಅನುಪಾತ. ಒಂದು ಯೂನಿಟ್ ರಕ್ತದ ಸಕ್ಕರೆಯನ್ನು ಎಷ್ಟು ಇಳಿಸುತ್ತದೆ ಎಂಬುದು ಎರಡನೆಯದು, ಅದು ತಿದ್ದುಪಡಿಯ ಅಂಕಿ.

ಉದಾಹರಣೆಗೆ ಅನುಪಾತ 12, ತಿದ್ದುಪಡಿಯ ಅಂಕಿ 40, ಗುರಿ 120 ಎಂದಿರಲಿ. ಬೆಳಗ್ಗೆ ಮೂರು ನೀರುದೋಸೆಗೆ 39 ಗ್ರಾಂ, ಸಕ್ಕರೆಯಿಲ್ಲದ ಕಾಫಿಯ ಹಾಲಿಗೆ 5 ಗ್ರಾಂ, ಒಟ್ಟು 44. ಅದನ್ನು 12ರಿಂದ ಭಾಗಿಸಿದರೆ 3.7 ಯೂನಿಟ್. ತಿಂಡಿಗೆ ಮೊದಲು ಸಕ್ಕರೆ 200 ಇದ್ದರೆ ಗುರಿಗಿಂತ 80 ಹೆಚ್ಚು, 40ರಿಂದ ಭಾಗಿಸಿದರೆ 2 ಯೂನಿಟ್. ಎರಡೂ ಸೇರಿ 5.7. ಪೆನ್ ಪೂರ್ಣ ಯೂನಿಟ್‌ಗಳನ್ನಷ್ಟೇ ಕೊಡುವುದಾದರೆ ಮೇಲಕ್ಕೆ ಹೊಂದಿಸಬೇಕೋ ಕೆಳಕ್ಕೋ ಎಂಬುದನ್ನು ವೈದ್ಯರಲ್ಲಿ ಮೊದಲೇ ಕೇಳಿಟ್ಟುಕೊಳ್ಳಿ. ಈ ಉದಾಹರಣೆಯ ಅಂಕಿಗಳನ್ನು ನಿಮ್ಮದೆಂದು ಬಳಸಬೇಡಿ. ಒಬ್ಬರಿಗೆ 8 ಇರುವ ಅನುಪಾತ ಇನ್ನೊಬ್ಬರಿಗೆ 20 ಇರಬಹುದು, ಒಬ್ಬರಲ್ಲೇ ಬೆಳಗ್ಗೆಗೂ ರಾತ್ರಿಗೂ ಅದು ಬೇರೆಯಾಗಿರಬಹುದು.

ಎರಡು ತಪ್ಪುಗಳನ್ನು ಮಾತ್ರ ಎಂದಿಗೂ ಮಾಡಬೇಡಿ. ಊಟವಾಗಿ ಎರಡು ಗಂಟೆಗೆ ಸಕ್ಕರೆ ಹೆಚ್ಚು ಕಂಡಿತೆಂದು ಮತ್ತೆ ಪೂರ್ತಿ ತಿದ್ದುಪಡಿಯ ಇನ್ಸುಲಿನ್ ಚುಚ್ಚಿಕೊಳ್ಳಬೇಡಿ, ಹಿಂದಿನದರ ಕೆಲಸ ಇನ್ನೂ ಮುಗಿದಿರುವುದಿಲ್ಲ. ಹಾಗೆಯೇ, ನಮ್ಮಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್‌ನ ಬಾಟಲಿಗಳೂ 100 ಯೂನಿಟ್‌ನವೂ ಮಾರಾಟದಲ್ಲಿವೆ. 40ರ ಬಾಟಲಿಗೆ 40ರ ಸಿರಿಂಜನ್ನೇ, 100ರ ಬಾಟಲಿಗೆ 100ರ ಸಿರಿಂಜನ್ನೇ ಬಳಸಬೇಕು. ಇದು ಅದಲುಬದಲಾದರೆ ನೀವು ಎಷ್ಟು ಕರಾರುವಾಕ್ಕಾಗಿ ಕಾರ್ಬ್ ಎಣಿಸಿದ್ದರೂ ಎರಡೂವರೆ ಪಟ್ಟು ವ್ಯತ್ಯಾಸವಾಗುತ್ತದೆ. ಔಷಧದಂಗಡಿಯಿಂದ ಹೊರಡುವ ಮೊದಲೇ ಎರಡೂ ಪೊಟ್ಟಣಗಳ ಮೇಲಿನ ಅಂಕಿಯನ್ನು ಓದಿ ಹೊಂದಿಸಿ ನೋಡಿ.

8. ಸಕ್ಕರೆ ಇಳಿದಾಗ ಏನು ಮಾಡಬೇಕೆಂದು ಮನೆಯವರಿಗೂ ಕಲಿಸಿ

ಲೆಕ್ಕ ಹಿಡಿತಕ್ಕೆ ಬಂದು ಅನ್ನದ ಪ್ರಮಾಣ ಇಳಿದ ಮೊದಲ ವಾರಗಳಲ್ಲಿ, ಹಳೆಯ ಪ್ರಮಾಣದ ಔಷಧವೇ ಮುಂದುವರಿದಿದ್ದರೆ ಸಕ್ಕರೆ ಕುಸಿಯುವ ಸಾಧ್ಯತೆ ಹೆಚ್ಚು. ಇನ್ಸುಲಿನ್ ಮತ್ತು ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್ ಮಾತ್ರೆಗಳಲ್ಲಿರುವವರು ವಿಶೇಷವಾಗಿ ಎಚ್ಚರದಿಂದಿರಬೇಕು. ಬೆವರು, ನಡುಕ, ವಿಪರೀತ ಹಸಿವು, ಗೊಂದಲ ಇದರ ಲಕ್ಷಣಗಳು. ಅಂಕಿ 70ಕ್ಕಿಂತ ಕೆಳಗಿದ್ದರೆ 15 ಗ್ರಾಂ ಗ್ಲೂಕೋಸ್ ಪುಡಿಯನ್ನು, ಅದಿಲ್ಲದಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಿರಿ. ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ, ಏರದಿದ್ದರೆ ಇನ್ನೊಮ್ಮೆ ಕುಡಿಯಿರಿ. ಚಾಕೊಲೇಟ್, ಹೋಳಿಗೆಗಳನ್ನು ಇದಕ್ಕೆ ಬಳಸಬೇಡಿ, ಕೊಬ್ಬು ಇರುವುದರಿಂದ ಅವು ತಡವಾಗಿ ಕೆಲಸ ಮಾಡುತ್ತವೆ.

ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಮಾತ್ರೆಯನ್ನೂ ತೆಗೆದುಕೊಳ್ಳುವವರು ಅಡುಗೆಮನೆಯ ಸಕ್ಕರೆಯನ್ನು ನೆಚ್ಚಿಕೊಳ್ಳಬಾರದು. ಸಕ್ಕರೆಯನ್ನು ಕರುಳಿನಲ್ಲಿ ಒಡೆಯದಂತೆ ತಡೆಯುವುದೇ ಆ ಮಾತ್ರೆಯ ಕೆಲಸವಾದ್ದರಿಂದ ಗ್ಲೂಕೋಸ್ ಪುಡಿಯೇ ಬೇಕು. ನಿಮ್ಮ ಮಾತ್ರೆಯ ಚೀಟಿಯಲ್ಲಿ ಈ ಹೆಸರುಗಳಿವೆಯೇ ಎಂದು ಇಂದೇ ನೋಡಿ, ಮಿಶ್ರ ಮಾತ್ರೆಗಳಲ್ಲಿ ಅವು ಎರಡನೆಯ ಅಥವಾ ಮೂರನೆಯ ಹೆಸರಾಗಿ ಇರಬಹುದು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಸುರಿಯದೆ, ಪಕ್ಕಕ್ಕೆ ಮಲಗಿಸಿ 108ಕ್ಕೆ ಕರೆ ಮಾಡಬೇಕೆಂದು ಮನೆಯಲ್ಲಿ ಎಲ್ಲರಿಗೂ ತಿಳಿದಿರಲಿ.

ಮುಂದಿನ ಸಲ ವೈದ್ಯರ ಬಳಿಗೆ ಹೋಗುವಾಗ ಗ್ಲೂಕೋಮೀಟರಿನ ಜತೆಗೆ ಈ ನೋಟ್ ಪುಸ್ತಕವನ್ನೂ ಒಯ್ಯಿರಿ. ಪ್ರತಿ ಸಾಲಿನಲ್ಲಿ ತಿಂದ ಹೊತ್ತು, ಪದಾರ್ಥ, ಗ್ರಾಂ, ಮೊದಲಿನ ಸಕ್ಕರೆ, ಎರಡು ಗಂಟೆಯ ಬಳಿಕದ ಸಕ್ಕರೆ, ಔಷಧ, ಈ ಆರು ವಿವರಗಳಿರುವ ಎರಡು ವಾರಗಳ ದಾಖಲೆ ಕೈಯಲ್ಲಿದ್ದರೆ, ಬದಲಾಯಿಸಬೇಕಾದದ್ದು ಊಟವನ್ನೋ ಔಷಧವನ್ನೋ ಎಂಬುದನ್ನು ಅವರು ಕುಳಿತಲ್ಲೇ ಹೇಳಬಲ್ಲರು.